ಗಾಡಿ ಬತ್ತೈತೆ

"ಬೋಗಿ ಅಂದ್ರೆ ಕೆಳಗಿನ ಗಾಲಿ ಚೌಕಟ್ಟು ಕಣೋ. ಜನ ಕೂರೋದು ಕೋಚಲ್ಲಿ," ಎಂದು ಮೃತ್ಯುಂಜಯ ಟೀವಿಯ ಗಾಜಿಗೆ ಬೆರಳು ತಾಗಿಸಿ ತೋರಿಸಿದ.

"ಹಂಗಾರೆ ಈ ತಾಲ್ಲೂಕಿನೋರೆಲ್ಲ ಇಷ್ಟು ವರ್ಷ ಚೌಕಟ್ಟಿನ ಮೇಲೆ ಕೂತ್ಕೊಂಡು ಬೀರೂರಿಗೆ ಹೋದ್ರೇನೋ?" ಎಂದ ಅಶ್ಫಾಕ್.

ಕಡೂರಿನ ಸ್ಟೇಷನ್ ರಸ್ತೆಯಲ್ಲಿರುವ ಅಶ್ಫಾಕನ ಸ್ಟುಡಿಯೋದ ಒಳಕೋಣೆಯಲ್ಲಿ ಭಾನುವಾರದ ಈ ಜಗಳ ತಪ್ಪಿದ್ದಲ್ಲ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅಶ್ಫಾಕ್ ಮದುವೆ ವಿಡಿಯೋ ಹಿಡಿಯಲು ಶುರು ಮಾಡಿದ ಕಾಲದಲ್ಲಿ, ಧಾರೆಯೋ ನಿಕಾಹೋ ಮುಗಿದ ಮೇಲೆ ಕ್ಯಾಸೆಟ್ಟಿನ ಬಾಲದಲ್ಲಿ ಮಿಕ್ಕ ಜಾಗಕ್ಕೆಲ್ಲ ಮೀಟರ್ ಗೇಜ್ ಗಾಡಿಗಳನ್ನು ತುಂಬಿಕೊಂಡು ಬರುತ್ತಿದ್ದರು. ಆ ಸಣ್ಣ ಹಳಿಯನ್ನು ಕಿತ್ತು ಎಷ್ಟೋ ವರ್ಷವಾಯಿತು. ಈಗ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಹುಷಾರಾಗಿ ಒರೆಸಿ ನೋಡುವುದು, ನೋಡುತ್ತ ಕಿತ್ತಾಡುವುದು. ನಡುನಡುವೆ ಅಶ್ಫಾಕನ ಮಿಮಿಕ್ರಿ. ಉಗಿ ಎಂಜಿನ್ನು, ಗಾರ್ಡಿನ ಸೀಟಿ, ಮೂಗಿನಲ್ಲಿ ಮಾತಾಡುವ ಪ್ರಿನ್ಸಿಪಾಲರು, ಯಾರೂ ಆ ಗಂಟಲಿನಿಂದ ಪಾರಾದವರಲ್ಲ.

ಅವತ್ತು ಕೋಣೆಯಲ್ಲಿ ಇನ್ನಿಬ್ಬರಿದ್ದರು. ಅಜ್ಜಂಪುರದ ಈರಕ್ಕ ಮತ್ತು ಆಕೆಯ ಮಗ ತಿಮ್ಮೇಶ್. ಅಶ್ಫಾಕ್ ಟೀವಿಯಿಂದ ತೆಗೆದ ಒಂದು ಫೋಟೋವನ್ನು ರೈಲು ಹುಚ್ಚರ ವಾಟ್ಸಾಪ್ ಗುಂಪಿಗೆ ಹಾಕಿದ್ದ: ತರೀಕೆರೆ ಸ್ಟೇಷನ್ನು, ಬರುತ್ತಿರುವ ಎಂಜಿನ್ನಿಗೆ, ಮುಂದಿನ ಹಳಿಗೆ ಅಪ್ಪಣೆ ಕೊಡುವ ಟೋಕನ್ನಿನ ಬಳೆ ಎತ್ತಿ ಹಿಡಿದ ಪಾಯಿಂಟ್ಸ್‌ಮನ್. ಅದು ಕೈಯಿಂದ ಕೈಗೆ ಹೋಗಿ ತಿಮ್ಮೇಶನನ್ನು ಮುಟ್ಟಿತು. ಬಳೆ ಹಿಡಿದವನು ಅವನ ಅಪ್ಪ ಕರಿಸಿದ್ದಪ್ಪ. ಮಗ ಅಂಬೆಗಾಲಿಡುವ ಹೊತ್ತಿಗೆ ತೀರಿಕೊಂಡವನು. ಅಪ್ಪ ನಡೆದಾಡುವುದನ್ನು ಒಂದು ಸಲ ನೋಡಬೇಕು ಅಣ್ಣ, ಎಂದು ತಿಮ್ಮೇಶ್ ಫೋನಿನಲ್ಲಿ ಕೇಳಿಕೊಂಡಿದ್ದ. ಬನ್ನಿ, ಅಮ್ಮನನ್ನೂ ಕರೆತನ್ನಿ ಎಂದು ಅಶ್ಫಾಕ್ ದೊಡ್ಡ ಮನಸ್ಸಿನಿಂದ ಕರೆದಿದ್ದ. ಫೋಟೋಕ್ಕೆ ಸದ್ದಿಲ್ಲವಲ್ಲ, ಆ ಚಿತ್ರದ ಬೆನ್ನಿಗೆ ಏನಿತ್ತೆಂಬುದು ಅವನಿಗೆ ಮರೆತೇಹೋಗಿತ್ತು.

ಪರದೆಯ ಮೇಲೆ ಯಾರದೋ ಮದುವೆಯ ಎಲೆ ಎತ್ತುವುದು ಮುಗಿದು, ಗೆರೆಗೆರೆಯಾಗಿ, ತರೀಕೆರೆಯ ಪ್ಲಾಟ್‌ಫಾರಂ ಬಂತು. ದೂರದಲ್ಲಿ ಹೊಗೆ. ಖಾಕಿ ಅಂಗಿಯ ತೆಳ್ಳನೆಯ ಮನುಷ್ಯ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಡೆದುಹೋದ. ಈರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆತ ನಿಂತು, ಹಿಂದೆ ಸರಿಯಿರಿ ಎಂಬಂತೆ ಜನಕ್ಕೆ ಕೈಯಾಡಿಸಿದ.

ಆ ಕೈ ಆಡಿದ್ದನ್ನು ಕಂಡ ಕೂಡಲೇ ಅಶ್ಫಾಕನಿಗೆ ನೆನಪಾಯಿತು. ರಿಮೋಟಿಗೆ ತಡಕಾಡುವಷ್ಟರಲ್ಲಿ ದನಿ ಬಂದೇಬಿಟ್ಟಿತು, ಕಿವಿಯ ಪಕ್ಕದಲ್ಲೇ ನಿಂತು ಆಡಿದಷ್ಟು ಹತ್ತಿರ:

"ಹಿ... ಹಿ... ಹಿಂದಕ್ಕೆ ನಿಂ... ನಿಂತ್ಕಳ್ರಪ್ಪಾ, ಗಾ... ಗಾಡಿ ಬತ್ತೈತೆ."

ಇದಾದ ಮೇಲೆ ಬರಬೇಕಾದದ್ದು ಮೃತ್ಯುಂಜಯನ ನಗು. ಕ್ಯಾಮೆರಾ ಅಲುಗಾಡುವಷ್ಟು ನಗು, "ಇನ್ನೊಂದ್ಸಲ ಮಾಡೋ ಸಾಬಿ" ಎಂಬ ಮಾತು. ಅಶ್ಫಾಕನ ಹೆಬ್ಬೆರಳು ಅಷ್ಟರೊಳಗೆ ಸದ್ದು ಅಡಗಿಸಿತು. ಪರದೆಯ ಮೇಲೆ ಎಂಜಿನ್ನು ಮೂಕವಾಗಿ ಬಂತು, ಡ್ರೈವರನ ಕೈ ಬಳೆಯನ್ನು ಕಿತ್ತುಕೊಂಡು ಹೋಯಿತು.

"ಅವ್ರೇ," ಎಂದಳು ಈರಕ್ಕ. "ಅವ್ರ ದನಿ ಕಣೋ ತಿಮ್ಮ. ಹಂಗೇ ತಡೀತಿತ್ತು."

ತಿಮ್ಮೇಶ್ ಇನ್ನೊಂದು ಸಲ ಹಾಕಿ ಎಂದ. ಅಶ್ಫಾಕ್ ಹಾಕಿದ. ಮತ್ತೂ ಒಂದು ಸಲ. ಪ್ರತಿ ಸಲವೂ ಹೆಬ್ಬೆರಳು ಅದೇ ಜಾಗದಲ್ಲಿ ಕಾದಿತ್ತು. ಮೃತ್ಯುಂಜಯ ತನ್ನ ಕಾಲಿನ ಉಂಗುಟ ನೋಡುತ್ತ ಕೂತಿದ್ದ. ಆ ಬಳೆಗೆ ಟೋಕನ್ ಅನ್ನಬಾರದು, ಅದರ ಚೀಲದೊಳಗಿರುವ ಗುಂಡು ಮಾತ್ರ ಟೋಕನ್ನು ಎಂದು ಅವನು ಹೇಳಬೇಕಿದ್ದ ಜಾಗ ಸುಮ್ಮನೆ ದಾಟಿಹೋಯಿತು.

"ಅಮ್ಮಾ, ಅದು..." ಎಂದು ಅಶ್ಫಾಕ್ ಬಾಯಿ ತೆರೆದ.

"ನಿಮ್ಗೆ ಪುಣ್ಯ ಬರ್ಲಿ ಸಾಬ್ರೇ," ಎಂದಳು ಈರಕ್ಕ. "ಹೊರಗಿನೋರ ಮುಂದೆ ಬಾಯೇ ಬಿಡ್ತಿರ್ಲಿಲ್ಲ ಅವ್ರು. ಹುಡುಗ್ರು ಆಡ್ಕತಾರೆ ಅಂತ. ಮನೇಲೂ ಸನ್ನೇನೇ ಜಾಸ್ತಿ. ನಿಮ್ಮುಂದೆ ಮಾತಾಡವ್ರೆ ನೋಡಿ."

ತೆರೆದ ಬಾಯಿಗೆ ಅಶ್ಫಾಕ್ ಚಹಾದ ಲೋಟ ಇಟ್ಟುಕೊಂಡ. ಅದು ಖಾಲಿಯಾಗಿತ್ತು.

ತಿಮ್ಮೇಶ್ ಕೇಳಿದಂತೆ ಆ ತುಣುಕನ್ನು ಅವನ ಮೊಬೈಲಿಗೆ ಹಾಕಿಕೊಟ್ಟಿದ್ದಾಯಿತು. ಬೀಗರ ಜಗಳ, ಉರುಳಿದ ಸಾರಿನ ಬಕೆಟ್ಟು, ಎಷ್ಟನ್ನೋ ಅಶ್ಫಾಕ್ ಮದುವೆಗಳಿಂದ ಕತ್ತರಿಸಿ ಎಸೆದಿದ್ದ. ಇಷ್ಟು ನಯವಾಗಿ ಯಾವುದನ್ನೂ ಕತ್ತರಿಸಿರಲಿಲ್ಲ.

ತಾಯಿ ಮಗ ಹೋದ ಮೇಲೆ ಮೃತ್ಯುಂಜಯ, "ಹೇಳ್ಬಿಡ್ಬೇಕಿತ್ತು ಕಣೋ," ಎಂದ.

"ನಿನ್ನ ನಗು ಕತ್ತರಿಸ್ದೆ. ನನ್ನ ದನಿ ಹೆಂಗ್ಲೇ ಕತ್ತರಿಸ್ಲಿ?"

ಆಮೇಲಿನ ಭಾನುವಾರಗಳಲ್ಲಿ ಟೀವಿ ಹಾಕಲಿಲ್ಲ. ಅಂಗಡಿಗೆ ಬಂದವರು ಪ್ರಿನ್ಸಿಪಾಲರನ್ನು ಮಾಡು ಎಂದರೆ ಅಶ್ಫಾಕ್ ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ, ಅಮ್ಮನಿಗೆ ಒಂದು ಮಾತು ಹೇಳುವುದಿದೆ, ಬರುತ್ತೇನೆಂದು ತಿಮ್ಮೇಶನಿಗೆ ತಿಳಿಸಿ ಒಬ್ಬನೇ ಅಜ್ಜಂಪುರಕ್ಕೆ ಹೊರಟ. ಏನೆಂದು ಮಾತ್ರ ತಿಳಿಸಲಿಲ್ಲ.

ಮಗ ಕೆಲಸಕ್ಕೆ ಹೋಗಿದ್ದನೆಂದು ಈರಕ್ಕನೇ ಸ್ಟೇಷನ್ನಿಗೆ ಬಂದಿದ್ದಳು. ಇಳಿದವರೆಲ್ಲ ಹೋಗಿ ಪ್ಲಾಟ್‌ಫಾರಂ ಬರಿದಾಯಿತು. ಅಶ್ಫಾಕ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅಲ್ಲೇ ಎತ್ತಿಕೊಂಡ.

"ಅಮ್ಮಾ, ಆ ವಿಡಿಯೋದಲ್ಲಿ..."

ಈರಕ್ಕನ ಕೈಚೀಲದೊಳಗಿಂದ ಅವನ ಇಪ್ಪತ್ತರ ಹರೆಯದ ಗಂಟಲು ತೊದಲಿತು. ಆಕೆ ಫೋನು ಹೊರತೆಗೆದಳು. ಎತ್ತಲಿಲ್ಲ. ಕಿವಿಯ ಹತ್ತಿರ ಹಿಡಿದು ನಿಂತಳು.

"ತಿಮ್ಮೇಶ," ಎಂದಳು. "ರಿಂಗಿಗೆ ಇದ್ನೇ ಹಾಕ್ಕೊಟ್ಟವ್ನೆ. ಬೇಕಂತ್ಲೇ ಫೋನ್ ಮಾಡ್ತಾನೆ. ನಾನೂ ಎತ್ತಲ್ಲ, ಮುಗೀಲಿ ಅಂತ."

ಫೋನು ಸುಮ್ಮನಾಗಿ, ಮತ್ತೆ ಶುರುವಾಯಿತು. ದೂರದ ತಿರುವಿನಲ್ಲಿ ಗೂಡ್ಸ್ ಗಾಡಿಯೊಂದು ದೀಪ ಉರಿಸಿಕೊಂಡು ಕಾಣಿಸಿಕೊಂಡಿತ್ತು. ಹಿಂದಕ್ಕೆ ನಿಂತ್ಕಳ್ರಪ್ಪಾ, ಎಂದಿತು ದನಿ. ಹಳದಿ ಗೆರೆಯ ಮೇಲಿದ್ದ ಅಶ್ಫಾಕ್ ಒಂದು ಹೆಜ್ಜೆ ಹಿಂದೆ ಸರಿದು, ಗಾಡಿ ಪೂರ್ತಿ ದಾಟುವ ತನಕ ಹಾಗೇ ನಿಂತ.