ಖಾಲಿ ಮನೆಯ ಬಟ್ಟೆ ಹಗ್ಗ

ಟಪ್, ಮತ್ತೆ ಟಪ್ — ನಲ್ಲಿ ಇರಬೇಕು, ಆದರೆ ಈ ಮನೆಯ ನೀರಿನ ಸಂಪರ್ಕ ನಾನೇ ಕಡಿಸಿದ್ದೇನೆ, ನಲ್ಲಿಯನ್ನೂ ಬಿಚ್ಚಿ ಮಾರಿಯಾಗಿದೆ, ಹಾಗಾದರೆ ತೊಟ್ಟಿಕ್ಕುತ್ತಿರುವುದು ಎಲ್ಲಿ, ಅಡುಗೆಮನೆಯ ಗೋಡೆಯಲ್ಲಿ ಕಪಾಟು ಇದ್ದ ಕಡೆ ಮಾತ್ರ ಬಣ್ಣ ಹೊಸದು, ಉಳಿದದ್ದೆಲ್ಲ ಹೊಗೆ ಹಿಡಿದ ಹಳದಿ, ಮುಂದುಗಡೆ ಬಡಗಿ ಬಾಗಿಲಿನ ಸ್ಕ್ರೂ ಬಿಚ್ಚುತ್ತಿದ್ದಾನೆ, ತುಕ್ಕು ಹಿಡಿದು ಕಿರ್ರೆನ್ನುತ್ತಿವೆ, ಅಮ್ಮಾ ಒಳ್ಳೇ ಮರ ಇದು, ಯಾಕೆ ತೆಗೆಸ್ತೀರಾ, ಇದ್ದರೆ ಮನೆಗೆ ಬೆಲೆ ಅಲ್ವಾ, ಅಂದ, ಪಾಪ, ಅವನಿಗೆ ಈ ವ್ಯಾಪಾರ ಗೊತ್ತಿಲ್ಲ — ಬಾಗಿಲಿಲ್ಲದ ಮನೆ ಪಕ್ಕದ ಮನೆಯ ಬೆಲೆ ಇಳಿಸುತ್ತದೆ, ಬೀದಿಯಲ್ಲಿ ಮೊದಲು ಒಂದು ಕೊಳ್ಳಬೇಕು, ಬಾಗಿಲು ಕೀಳಿಸಬೇಕು, ಸುಮ್ಮನಿರಬೇಕು, ನಾಯಿ ಬರುತ್ತದೆ, ಮಳೆ ಬರುತ್ತದೆ, ಕರೆಂಟಿನ ತಂತಿ ಕದಿಯುವವರು ಬರುತ್ತಾರೆ, ಪಕ್ಕದವರ ನಿದ್ದೆ ಹೋಗುತ್ತದೆ, ಆಮೇಲೆ ಅವರೇ ಫೋನು ಮಾಡುತ್ತಾರೆ, ನಾನು ಯಾರನ್ನೂ ಬಲವಂತ ಮಾಡಿದವಳಲ್ಲ. ಗಿರಣಿ ಮುಚ್ಚಿದ ಮೇಲೆ ಊರೇ ಹೀಗೆ, ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಉಳಿದವಳು ನಾನು, ಗೌಡಿಕೆ ನನ್ನದು, ಇನ್ನು ಈ ಬೀದಿಯಲ್ಲಿ ಒಂದೇ ಮನೆ ಬಾಕಿ, ಗೋದಾಮು ಕಟ್ಟುವವರು, ಕೊಟ್ಟರೆ ಇಡೀ ಬೀದಿ ಕೊಡಿ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಕೂತಿದ್ದಾರೆ, ಆ ಒಂದು ಮನೆ ಈ ಗೋಡೆಯ ಆಚೆಗಿದೆ, ಅದರಲ್ಲಿ ನನ್ನ ಅಕ್ಕ ಇದ್ದಾಳೆ.

ಮಾರಿಬಿಡು, ನನ್ನ ಜೊತೆ ಬಂದಿರು ಎಂದು ಕೇಳಿಯಾಯಿತು, ನಕ್ಕಳು, ಅಯ್ಯೋ ಹೋಗೇ, ನಿನ್ನ ಮೂರನೇ ಮಹಡಿಗೆ ನನ್ನ ಮಂಡಿ ಒಪ್ಪಬೇಕಲ್ಲ, ಇಲ್ಲಿ ನಾಲ್ಕು ಜನ ಇರ್ತಾರೆ — ಯಾರಿದ್ದಾರೆ ಅಕ್ಕಾ ಈ ಬೀದೀಲಿ — ಬರ್ತಾರೆ ಬಿಡು, ಮನೆ ಇದ್ದರೆ ಜನ ಬಂದೇ ಬರ್ತಾರೆ, ನೀನು ಅಷ್ಟೊಂದು ತಗೊಂಡಿದೀಯಲ್ಲ, ಬಾಡಿಗೆಗೆ ಕೊಡೋಕೆ ತಾನೆ? ಹೂಂ ಎಂದಿದ್ದೆ. ಟಪ್. ಹಿತ್ತಲ ಕಡೆಯಿಂದ ಬರುತ್ತಿದೆ, ಚಿಲಕ ತೆಗೆದರೆ — ಅಯ್ಯೋ ದೇವರೇ — ಹಗ್ಗದ ಮೇಲೆ ಬಟ್ಟೆ, ಹಸಿ ಬಟ್ಟೆ, ಗಂಡಸಿನ ಅಂಗಿ, ಟವೆಲು, ಪುಟ್ಟ ಹುಡುಗಿಯ ಫ್ರಾಕು, ಈ ಮನೆಯಲ್ಲಿ ದರ್ಜಿ ಇದ್ದ, ಅವನಿಗೊಂದು ಹೆಣ್ಣುಮಗು ಇತ್ತು, ಅವರು ಗಂಟುಮೂಟೆ ಕಟ್ಟಿ ಹೋದದ್ದನ್ನು ನಾನೇ ನಿಂತು ನೋಡಿದ್ದೆ, ಬಂದುಬಿಟ್ಟರೇ, ಒಳಗೆಲ್ಲೋ ಕೂತಿದ್ದಾರೆಯೇ, ಖಾಲಿ ಕೋಣೆಗಳನ್ನು ದಾಟಿ ಬಂದೆನಲ್ಲ, ಆಗ ನನ್ನನ್ನು ನೋಡುತ್ತಿದ್ದರೇ, ಭಯವಾಗುತ್ತಿದೆ, ನಡುಮಧ್ಯಾಹ್ನ, ನಾನು ದುಡ್ಡು ಕೊಟ್ಟು ಕೊಂಡ ಮನೆ, ಆದರೂ ಭಯ.

ಬಂದ್ಯೇನೇ? ಗೋಡೆಯ ಮೇಲೆ ಅಕ್ಕನ ತಲೆ, ಬಕೀಟು ಬೋರಲು ಹಾಕಿ ಹತ್ತಿ ನಿಂತಿರಬೇಕು, ಮಂಡಿ ನೋವಿನವಳು, ಹೆದರ್ಕೊಂಡ್ಯಾ, ನಾನೇ ಕಣೇ ಹಾಕಿದ್ದು, ಖಾಲಿ ಅಂತ ಗೊತ್ತಾದರೆ ತಂತಿ ಕೀಳೋರು ಬರ್ತಾರೆ, ಅದಕ್ಕೇ ಹಿಂದಿನ ಓಣಿಯಿಂದ ಬಂದು ದಿನಕ್ಕೊಂದು ಮನೆ ಹಿತ್ತಲಲ್ಲಿ ಬಟ್ಟೆ ಹಾಕ್ತೀನಿ, ಒಣಗಿದ್ದರೆ ಅವರು ನಂಬಲ್ಲ, ಹಸಿ ಇರಬೇಕು, ಅದಕ್ಕೆ ತೊಳೆದದ್ದನ್ನೇ ತೊಳೀತೀನಿ, ನಿನ್ನ ಸ್ವತ್ತು, ನಾನು ನೋಡ್ಕೊಳ್ದೆ ಇನ್ಯಾರು ನೋಡ್ಕೋತಾರೆ? ಅಂಗಿ ಸತ್ತ ಭಾವನದು, ಫ್ರಾಕು — ಫ್ರಾಕು ನನ್ನದು, ಎದೆಯ ಮೇಲೆ ಕೆಂಪು ಜೇಬು, ಅಮ್ಮ ತೀರಿಕೊಂಡ ವರ್ಷ ಅಕ್ಕ ಗಿರಣಿಗೆ ಸೇರಿದಾಗ ತನ್ನ ಲಂಗದ ದಪ್ಪ ಅಂಚು ಕತ್ತರಿಸಿ ಹೊಲಿದದ್ದು, ಮನೆ ಕೀಲಿ ಇಟ್ಟುಕೊಳ್ಳಲಿಕ್ಕೆ, ಜೋಪಾನ ಪುಟ್ಟೀ, ನಾನು ಬರೋವರೆಗೂ ಮನೆ ನಿಂದೇ, ಯಾರು ಕೇಳಿದರೂ ಅಕ್ಕ ಒಳಗಿದಾಳೆ ಅನ್ನು, ಇಡೀ ಸಂಜೆ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂತಿರುತ್ತಿದ್ದೆ, ತಂತಿ ಕೀಳುವವರಿಗೆ ಯಾವ ಮನೆ ಖಾಲಿ ಎಂದು ಹೇಳಿಕಳಿಸುವವಳು ನಾನು, ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ಅಲ್ಲವೇ, ಮೇಯುವ ಬೇಲಿಗೆ ಇವಳು ಕಾವಲು. ಅದೇನೇ ಮುಂದುಗಡೆ ಸದ್ದು, ಬಾಗಿಲು ರಿಪೇರಿನಾ? ಮಾಡ್ಸು ಮಾಡ್ಸು, ನಿನ್ನ ಬಾಗಿಲು ಗಟ್ಟಿಯಿದ್ದರೆ ನನಗೂ ನಿದ್ದೆ ಬರ್ತದೆ. ಹೂಂ, ಅಂದೆ, ಮತ್ತೆ ಅದೇ ಹೂಂ, ತಲೆ ಗೋಡೆಯಾಚೆ ಇಳಿಯಿತು, ಬಕೀಟು ಎಳೆದ ಸದ್ದು, ಅಮ್ಮಾ ಬಂತು ನೋಡಿ ಬಾಗಿಲು, ಗಾಡಿಗೆ ಹಾಕ್ಲಾ, ಬಡಗಿ ಕೇಳುತ್ತಿದ್ದಾನೆ, ತಿರುಗಿ ಕೂರಿಸಪ್ಪಾ ಅನ್ನಬೇಕು, ಎರಡೇ ಮಾತು, ಗೋದಾಮಿನವರು ನಾಳೆ ಬರುತ್ತಾರೆ, ಅನ್ನಬೇಕು, ಅಮ್ಮಾ, ಹಾಕ್ಲಾ, ಬೀದಿಯ ಗಾಳಿ ಈಗ ತಡೆಯಿಲ್ಲದೆ ನೇರ ಒಳಗೆ ಬಂದು ನನ್ನ ಬೆನ್ನು ಸವರಿ ಹಿತ್ತಲಿಗೆ ಹೋಗುತ್ತಿದೆ, ಫ್ರಾಕು ಉಬ್ಬುತ್ತಿದೆ, ಒಳಗೆ ಒಬ್ಬಳು ಹುಡುಗಿ ಇದ್ದಂತೆ, ಜೇಬು ಮಾತ್ರ ಉಬ್ಬುತ್ತಿಲ್ಲ, ದಪ್ಪ ಬಟ್ಟೆ, ಒದ್ದೆಯಾಗಿ ಜೋತುಬಿದ್ದಿದೆ, ಕೆಂಪು ಜೇಬು, ಅದರ ಮೂಲೆಯಲ್ಲಿ ಒಂದು ಹನಿ, ಬೀಳಬೇಕು, ಬೀಳುತ್ತಿಲ್ಲ, ಕೆಂಪು ಜೇಬು —