ಉಸಿರಾಡುವ ಹೆಣವನ್ನು ಕಾದದ್ದು

“ಈ ಮನೇಲಿ ಕೂರೋಕೆ ಯೋಗ್ಯವಾದ ಕುರ್ಚಿ ಒಂದಾದ್ರೂ ಇದೆಯಾ, ಇಲ್ಲಾ ಅದನ್ನೂ ನಿನ್ನ ಮಗ ಮಾರಿ ತೋಳಿಗೆ ಚುಚ್ಕೊಂಡ್ನಾ?”

ವಸತಿ ಕಚೇರಿಯ ಟೂಹಿ ಹೀಗೆ ಕೇಳಿದಾಗ ಕನ್ಸೆಪ್ಟಾ ಹ್ಯಾಲ್ಪಿನ್ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಅವಳು ಚಾಕು ನಿಲ್ಲಿಸಲಿಲ್ಲ.

“ಕುರ್ಚಿ ನಿಮ್ ಹಿಂದೇನೇ ಇದೆ ಸಾಹೇಬ್ರೆ. ಕೂತ್ಕೊಳ್ಳಿ, ಅದೇನೂ ಕಚ್ಚಲ್ಲ.”

ಟೂಹಿ ಜೇಬಿನಿಂದ ಕರವಸ್ತ್ರ ತೆಗೆದು ಕುರ್ಚಿಯನ್ನು ಒರೆಸಿದ, ಕರವಸ್ತ್ರವನ್ನು ನೋಡಿದ, ನಿಂತೇ ಇದ್ದ. ಅವನು ಕುರ್ಚಿಗೆ ಪತ್ರಿಕೆ ಹಾಸಿದನೆಂದು ಕೆಳಗಿನ ಮಹಡಿಯವರು ಹೇಳುತ್ತಾರೆ. ಕರವಸ್ತ್ರದ ಪಾಠ ಕನ್ಸೆಪ್ಟಾಳ ಬಾಯಿಂದಲೇ ಬಂದದ್ದಾದ್ದರಿಂದ ಅದನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

“ನೋಡು, ನನಗೂ ಇದೇನು ಖುಷಿಯ ಕೆಲಸ ಅಲ್ಲ,” ಎಂದ ಟೂಹಿ. “ಮಾದಕ ಮಾರಿದೋನು ಸರ್ಕಾರದ ಮನೇಲಿ ಇರೋ ಹಾಗಿಲ್ಲ, ಅಷ್ಟೆ. ಸೋಮವಾರ ನಾನೇ ಕಾರು ತರ್ತೀನಿ. ನೀನು ಜಡ್ಜ್ ಮುಂದೆ ನಿಂತು ‘ಈ ಮಗ ನನ್ನ ಮನೆಗೆ ಕಾಲಿಡಕೂಡದು’ ಅಂತ ಒಂದು ಮಾತು ಹೇಳು. ಮನೆ ನಿನ್ನದಾಗೇ ಇರುತ್ತೆ. ಹೇಳ್ದೆ ಹೋದ್ಯೋ, ಮಂಗಳವಾರ ನೀನೂ ಬೀದಿಗೆ, ನಿನ್ನ ಪಾತ್ರೆ ಪಡಗಾನೂ ಬೀದಿಗೆ.”

“ಹೆತ್ತೋಳು ನಾನು. ಅದನ್ನ ನನ್ನ ಬಾಯಲ್ಲೇ ಹೇಳಿಸ್ಬೇಕಾ?”

“ಅವನು ಸತ್ತ ಅಂದ್ಕೋ. ಮುಗೀತಲ್ಲ.”

ಒಳಕೋಣೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಮಗ ಫ್ರ್ಯಾನೋ ಕೆಮ್ಮಿದ. “ನಾನಿಲ್ಲೇ ಇದೀನಿ ಸಾಹೇಬ್ರೆ.”

“ನಿನ್ನನ್ನ ಯಾರೂ ಕೇಳ್ಲಿಲ್ಲ ಬೇವರ್ಸಿ,” ಎಂದು ಟೂಹಿ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದ.

ಡಬ್ಲಿನ್ನಿನ ನದಿಯ ಉತ್ತರಕ್ಕಿರುವ ಆಟ್ರ್ಯಾಕ್ಟಾ ಬಿಲ್ಡಿಂಗಿಗೆ ಮೊದಲು ಮಾದಕದ ಪುಡಿ ಬಂತು, ಅದರ ಹಿಂದೆ ಶವಪೆಟ್ಟಿಗೆಗಳು ಬಂದವು, ಬಹಳ ವರ್ಷಗಳ ಮೇಲೆ ಸರ್ಕಾರವೂ ಬಂತು. ನಡುವಿನ ವರ್ಷಗಳಲ್ಲಿ ತಾಯಂದಿರೇ ಫಲಕ ಹಿಡಿದು, ಮಾರುವವರ ಬಾಗಿಲುಗಳ ಮುಂದೆ ಕೂಗುತ್ತಾ ಮಳೆಯಲ್ಲಿ ನಿಂತಿದ್ದರು. ಕನ್ಸೆಪ್ಟಾಳೂ ನಿಂತವಳೇ. ಬಂದ ಸರ್ಕಾರ ಮೊದಲು ಸಮಿತಿ ಮಾಡಿತು, ಸಮಿತಿಗೆ ಬಿಸ್ಕತ್ತು ಕೊಟ್ಟಿತು, ಕೊನೆಗೆ ಕಾನೂನು ಮಾಡಿತು. ಪುಡಿಯನ್ನು ಹಡಗಿನಲ್ಲಿ ತರಿಸುತ್ತಿದ್ದವನು ಸಮುದ್ರಕ್ಕೆ ಮುಖ ಮಾಡಿದ ಬಿಳಿಯ ಮನೆಯಲ್ಲಿ ಗುಲಾಬಿ ಬೆಳೆಸಿಕೊಂಡಿದ್ದ. ಆ ಮನೆ ಸರ್ಕಾರದ್ದಲ್ಲವಾದ್ದರಿಂದ ಕಾನೂನು ಅಲ್ಲಿಗೆ ಹೋಗಲಿಲ್ಲ. ಫ್ರ್ಯಾನೋ ತನ್ನ ಚಟಕ್ಕಾಗಿ ಮೆಟ್ಟಿಲ ಕೆಳಗೆ ಪೊಟ್ಟಣ ಮಾರಿ ಸಿಕ್ಕಿಬಿದ್ದು ಜೈಲು ಕಂಡು ಬಂದಿದ್ದ. ಚುಚ್ಚಿಕೊಳ್ಳುವುದನ್ನು ಬಿಟ್ಟು, ಪುಡಿಯ ಬದಲಿಗೆ ದವಾಖಾನೆಯವರು ದಿನಾ ಕುಡಿಸುವ ಹಸಿರು ಔಷಧಿಯ ಮೇಲೆ ಬದುಕುತ್ತಿದ್ದ. ಅವನ ವಿಳಾಸ ಮಾತ್ರ ಎಲ್ಲ ಕಚೇರಿಗಳಿಗೂ ಬಾಯಿಪಾಠವಾಗಿತ್ತು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಕನ್ಸೆಪ್ಟಾ ನೇರ ಮೇಲಿನ ಮಹಡಿಗೆ ಹೋಗಿ ಬ್ರೈಡಿ ಕಿನ್ಸೆಲ್ಲಾಳ ಬಾಗಿಲು ತಟ್ಟಿದಳು. ಆ ಬಿಲ್ಡಿಂಗಿನಲ್ಲಿ ಯಾರು ಸತ್ತರೂ ಮೈ ತೊಳೆದು, ಬಟ್ಟೆ ತೊಡಿಸಿ, ನೆರೆಯವರು ಬಂದು ಕಾಯುವಂತೆ ಮಲಗಿಸುವ ಕೆಲಸ ಆ ಮುದುಕಿಯದು.

“ಬ್ರೈಡಿ ಅಜ್ಜಿ, ನಮ್ಮನೇಲಿ ಹೆಣ ಕಾಯೋದಿದೆ.”

“ಅಯ್ಯೋ ದೇವರೇ! ಯಾರು ಹೋದ್ರೇ?”

“ಫ್ರ್ಯಾನೋ.”

“ಈಗ ತಾನೇ ಮೆಟ್ಟಿಲಲ್ಲಿ ನನ್ನ ಹತ್ರ ಸಿಗರೇಟು ಕೇಳಿದ್ನಲ್ಲೇ!”

“ಸರ್ಕಾರ ಸತ್ತ ಅಂದಿದೆ. ನಾವು ಕಾಯೋದಷ್ಟೆ.”

ಬ್ರೈಡಿ ಒಳಗೆ ಹೋಗಿ, ತನ್ನ ಸಾವಿಗೆಂದು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಕಂದು ನಿಲುವಂಗಿಯನ್ನೂ ತಾಮ್ರದ ಬೋಗುಣಿಯನ್ನೂ ತಂದಳು. “ನಿಲುವಂಗಿ ಮೇಲೆ ಚಹಾ ಗಿಹಾ ಚೆಲ್ಲಿದ್ನೋ, ಹೆಣ ಅಂತ್ಲೂ ನೋಡಲ್ಲ, ಕಪಾಳಕ್ಕೆ ಬಿಡ್ತೀನಿ.”

ಶಾಸ್ತ್ರದಲ್ಲಿ ಬ್ರೈಡಿ ಎಳ್ಳಷ್ಟೂ ರಿಯಾಯಿತಿ ತೋರಲಿಲ್ಲ. ಗಡಿಯಾರ ನಿಲ್ಲಿಸಿದಳು. ಕನ್ನಡಿಗೆ ಬಟ್ಟೆ ಮುಚ್ಚಿದಳು. ಫ್ರ್ಯಾನೋನ ಗಡ್ಡ ಹೆರೆದು, ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿ, ಕಂದು ನಿಲುವಂಗಿ ತೊಡಿಸಿ, ಬೆರಳುಗಳ ನಡುವೆ ಜಪಮಾಲೆ ಹೆಣೆದಳು. ಕಿಟಕಿಯ ಪ್ರಶ್ನೆ ಬಂದಾಗ ಮಾತ್ರ ಅನುಮಾನಕ್ಕೆ ಬಿದ್ದಳು. ಆತ್ಮ ಹೊರಗೆ ಹೋಗಲೆಂದು ಕಿಟಕಿ ತೆರೆದಿಡುವುದು ಪದ್ಧತಿ.

“ಮುಚ್ಚು ಅಜ್ಜಿ,” ಎಂದಳು ಕನ್ಸೆಪ್ಟಾ. “ಇರೋದೊಂದು. ಅದೂ ಹಾರಿಹೋದ್ರೆ?”

“ಅಮ್ಮಾ, ನಾನಿನ್ನೂ ಊಟ ಮಾಡಿಲ್ಲ,” ಎಂದಿತು ಹೆಣ.

“ಸುಮ್ನೆ ಬಿದ್ಕೊಳೋ. ಹುಟ್ಟಿದಾಗಿಂದ ಒಂದು ದಿನ ಹೇಳಿದ್ ಮಾತು ಕೇಳಿದೀಯಾ? ಇವತ್ತಾದ್ರೂ ಕೇಳು.”

ಸಂಜೆಯ ಹೊತ್ತಿಗೆ ಎಲ್ಲ ಮಹಡಿಗಳಿಂದ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಹಣ್ಣಿನ ಕೇಕು, ಕಪ್ಪು ಬಿಯರು ಬಂದವು. ಬಂದವರೆಲ್ಲ ಕನ್ಸೆಪ್ಟಾಳ ಕೈ ಕುಲುಕಿದರು, ಮಂಚದ ಬಳಿ ಮಂಡಿಯೂರಿದರು, ಎದ್ದು ಸತ್ತವನ ಗುಣಗಾನಕ್ಕೆ ತೊಡಗಿದರು.

“ಚಿನ್ನದಂಥ ಹುಡುಗ. ನನ್ನ ಸೈಕಲ್ ಕದ್ದದ್ದೊಂದು ಬಿಟ್ರೆ.”

“ವಾಪಸ್ ತಂದ್‌ಕೊಟ್ನಲ್ಲಣ್ಣ!” ಎಂದಿತು ಹೆಣ.

“ಚಕ್ರ ಇಲ್ದೆ ತಂದ್‌ಕೊಟ್ಟೆ ಮುಂಡೇಮಗನೇ. ಸತ್ತೋರು ಮಧ್ಯೆ ಬಾಯಿ ಹಾಕ್ಬಾರ್ದು.”

ನಗೆ ಎದ್ದಿತು. ಯಾರೋ ಹಾಡಿದರು. ಮುಚ್ಚಿದ ಕಣ್ಣುಗಳಲ್ಲೇ ಹೆಣವೂ ನಕ್ಕಿತು, ಅದಕ್ಕೆ ಬ್ರೈಡಿಯಿಂದ ಒಂದು ಗುದ್ದೂ ಬಿತ್ತು.

ಸೋಮವಾರ ಬೆಳಿಗ್ಗೆ ಒಂದು ತೊಡಕು ಬಂತು. ಹೊತ್ತಿಗೆ ಸರಿಯಾಗಿ ಹಸಿರು ಔಷಧಿ ಬೀಳದಿದ್ದರೆ ಫ್ರ್ಯಾನೋನ ಕೈಕಾಲು ನಡುಗತೊಡಗುತ್ತವೆ. ಬ್ರೈಡಿ ಯೋಚಿಸಿ ಅಪ್ಪಣೆ ಕೊಟ್ಟಳು: ಹೋಗಬಹುದು, ಆದರೆ ನಿಲುವಂಗಿ ತೆಗೆಯುವಂತಿಲ್ಲ, ಒಬ್ಬನೇ ಹೋಗುವಂತಿಲ್ಲ. ಹೆಣವನ್ನು ಒಂಟಿಯಾಗಿ ಬಿಡುವುದು ಎಲ್ಲಿಯೂ ಇಲ್ಲ. ಹಾಗಾಗಿ ಜಪಮಾಲೆ ಹಿಡಿದ ಹೆಂಗಸರ ನಡುವೆ ಕಂದು ನಿಲುವಂಗಿಯ ಹೆಣ ಬೀದಿ ದಾಟಿ ಹೋಯಿತು. ಬಸ್ಸಿನ ಚಾಲಕನೊಬ್ಬ ಶಿಲುಬೆಯ ಗುರುತು ಮಾಡಿಕೊಂಡ.

ದವಾಖಾನೆಯ ನರ್ಸು ಗಾಜಿನ ಹಿಂದಿನಿಂದ ಲೋಟ ಸರಿಸಿದಳು. ಕುಡಿದವರು ಬಾಯಲ್ಲಿಟ್ಟುಕೊಂಡು ಹೋಗಿ ಹೊರಗೆ ಮಾರಬಾರದೆಂದು ಅಲ್ಲೇ ನುಂಗಿ, ಮಾತಾಡಿ ತೋರಿಸಬೇಕು.

“ಬಾಯಿ ತೆಗಿ. ಇನ್ನೂ ಅಗಲ. ನಾಲಿಗೆ ಎತ್ತು. ಹಂ, ಏನಾದ್ರೂ ಮಾತಾಡು.”

“ನಾನು ಸತ್ತಿದೀನಿ ಸಿಸ್ಟರ್.”

“ಸರಿ. ನಾಳೇನೂ ಹೊತ್ತಿಗೆ ಸರಿಯಾಗಿ ಬಾ. ಮುಂದಿನೋರು!”

ಹೆಣ ಮರಳಿ ಮಂಚ ಸೇರಿ ಸ್ವಲ್ಪ ಹೊತ್ತಿಗೆ ಟೂಹಿಯ ಕಾರು ಅಂಗಳಕ್ಕೆ ಬಂತು.

ಟೂಹಿ ದೇಶದ ಪಶ್ಚಿಮದ ಮೇಯೋ ಕಡೆಯ ಹಳ್ಳಿಯವನು. ಡಬ್ಲಿನ್ನಿನವರು ಬೆನ್ನ ಹಿಂದೆ ಅವನನ್ನು ಹಳ್ಳಿಮುಕ್ಕ ಎನ್ನುತ್ತಿದ್ದರು. ಆದರೆ ಸಾವಿನ ಮನೆಯಲ್ಲಿ ನಡೆದುಕೊಳ್ಳುವ ರೀತಿಯನ್ನು ನಗರದವರು ಆ ಕಡೆಯವರಿಂದಲೇ ಕಲಿಯಬೇಕು. ಮೆಟ್ಟಿಲಲ್ಲಿ ಕೂತ ಹೆಂಗಸರು ದನಿ ತಗ್ಗಿಸಿದ್ದನ್ನು ಅವನು ಕಂಡ. ಬಾಗಿಲಿಗೆ ಕಟ್ಟಿದ ಕಪ್ಪು ಪಟ್ಟಿಯನ್ನು ಕಂಡ. ಅವನ ಕೈ ತಾನಾಗಿಯೇ ಟೋಪಿಯನ್ನು ತೆಗೆಯಿತು. ಕಾಲುಗಳು ತಾವಾಗಿಯೇ ಮೆತ್ತಗಾದವು. ಸಾಲಾಗಿ ನಿಂತವರ ಕೈಗಳನ್ನು ಒಂದೊಂದಾಗಿ ಕುಲುಕುತ್ತಾ ಒಳಗೆ ಬಂದ.

“ನಿಮಗೆ ಬಂದ ಕಷ್ಟಕ್ಕೆ ವ್ಯಥೆಯಾಯ್ತಮ್ಮ... ನಿಮಗೆ ಬಂದ ಕಷ್ಟಕ್ಕೆ ವ್ಯಥೆಯಾಯ್ತು...”

ಕನ್ಸೆಪ್ಟಾಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. “ಮೊನ್ನೆ ಏನೇನೋ ಅಂದ್ಬಿಟ್ಟೆ, ಮಿಸೆಸ್ ಹ್ಯಾಲ್ಪಿನ್. ಮನಸ್ಸಿಗೆ ಹಚ್ಕೋಬೇಡಿ.”

“ಇಲ್ಲ ಬಿಡಪ್ಪ,” ಎಂದಳು ಅವಳು.

ಟೂಹಿ ಮಂಚದ ಬಳಿ ಮಂಡಿಯೂರಿದ. ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ, ಒಂದು ಪದವನ್ನೂ ನುಂಗದೆ ಹೇಳಿದ. ಏಳುವಾಗ, ಅವನ ಊರಿನಲ್ಲಿ ಮಾಡುವ ಹಾಗೆ, ಸತ್ತವನ ಕೈ ಮೇಲೆ ಕೈ ಇಟ್ಟ.

“ಬಂದದ್ದು ಬಹಳ ಉಪಕಾರ ಆಯ್ತು ಸಾಹೇಬ್ರೆ,” ಎಂದ ಫ್ರ್ಯಾನೋ.

ಟೂಹಿ ಕಿರುಚಿದ ರೀತಿಯನ್ನು ಆ ಬಿಲ್ಡಿಂಗಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಬಗೆಯಲ್ಲಿ ಅಭಿನಯಿಸಿ ತೋರಿಸುತ್ತಾರೆ. ಅವನು ಹಿಂದಕ್ಕೆ ಬಿದ್ದದ್ದು ತಾನು ಮೊನ್ನೆ ಒರೆಸಿದ ಕುರ್ಚಿಯ ಮೇಲೆಯೇ ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿದೆ.

“ಸೂಳೆಮಕ್ಕಳ್ರಾ! ದೇವರಿಗಾದ್ರೂ ಹೆದರ್ರೋ! ಸಾವು ಅಂದ್ರೆ ತಮಾಷೇನಾ ನಿಮಗೆ?”

“ಸತ್ತ ಅಂದ್ಕೋ ಅಂದೋರು ನೀವು,” ಎಂದಳು ಕನ್ಸೆಪ್ಟಾ. “ನಾವು ಅಂದ್ಕೊಂಡ್ವಿ. ಚಹಾ ತಗೊಳ್ಳಿ.”

“ನನಗೆ ನಿನ್ನ ಚಹಾ ಬೇಡ!”

“ಸತ್ತ ಮನೆಯಿಂದ ಏನೂ ಮುಟ್ದೆ ಎದ್ದು ಹೋಗ್ತೀರಾ?” ಎಂದು ಬ್ರೈಡಿ ಮೆಲ್ಲಗೆ ಕೇಳಿದಳು. “ಮೇಯೋದಲ್ಲಿ ಹಾಗೆ ಮಾಡ್ತಾರಾ?”

ಟೂಹಿ ಬಾಗಿಲ ಕಡೆ ನೋಡಿದ. ಲೋಟ ತೆಗೆದುಕೊಂಡ. ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

“ನನ್ನ ತಾಯಿನ ಎರಡು ರಾತ್ರಿ ಕಾದಿದೀನಿ ನಾನು,” ಎಂದ ಅವನು, ಯಾರಿಗೆಂದಿಲ್ಲದೆ. “ಊರಿಗೆ ಊರೇ ಬಂದಿತ್ತು.”

“ಮುಖ ನೋಡಿದ್ರಾ?” ಕನ್ಸೆಪ್ಟಾ ಕೇಳಿದಳು.

“ನೋಡ್ದೆ ಇರ್ತಾರಾ? ಮಲಗಿದ ಹಾಗಿದ್ಳು.”

“ನನ್ನ ದೊಡ್ಡ ಮಗ ನೋಯೆಲ್‌ನ ಮುಖ ನಾನು ನೋಡ್ಲಿಲ್ಲ. ಸೂಜಿಯಿಂದ ಅವನಿಗೆ ಆ ಕಾಯಿಲೆ ಬಂತಲ್ಲ, ಆಸ್ಪತ್ರೆಯೋರು ಕೈಗವಸು ಹಾಕ್ಕೊಂಡು ಒಂದು ಚೀಲದಲ್ಲಿ ತುಂಬಿ ಜಿಪ್ ಎಳೆದ್ರು. ತೆಗೀಬೇಡಿ ಅಂದ್ರು. ಮನೆಗೆ ತರ್ಬೇಡಿ ಅಂದ್ರು. ಈ ಅಜ್ಜಿ ಬೋಗುಣಿ ತುಂಬ ಬಿಸಿನೀರು ತಗೊಂಡು ಆಸ್ಪತ್ರೆ ಬಾಗಿಲ ತನಕ ಹೋಗಿ, ನೀರು ಆರಿದ್ಮೇಲೆ ವಾಪಸ್ ಬಂದ್ಳು. ಪೆಟ್ಟಿಗೆ ಒಳಗಿರೋದು ನನ್ನ ಮಗಾನೇ ಅಂತ ಅವರು ಹೇಳಿದ್ರು. ನಂಬಿ ಹೂತೆ.”

ಫ್ರ್ಯಾನೋ ಕಣ್ಣು ತೆರೆದು ಛಾವಣಿ ನೋಡುತ್ತಿದ್ದ. ಈ ಸಲ ಬ್ರೈಡಿ ಗುದ್ದಲಿಲ್ಲ.

“ಅದಕ್ಕೇ ಇವನನ್ನ ಬೆಚ್ಚಗಿರುವಾಗ್ಲೇ ಕಾಯ್ತಾ ಇದೀನಿ,” ಎಂದಳು ಕನ್ಸೆಪ್ಟಾ. “ಸಕ್ಕರೆ ಸಾಕಾ?”

ಟೂಹಿ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದ. ಎದ್ದು ನಿಂತ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ, ಮಾತು ಮಾತ್ರ ಅದೇ ಇತ್ತು.

“ಕಾರು ಕೆಳಗಿದೆ ಮಿಸೆಸ್ ಹ್ಯಾಲ್ಪಿನ್. ಜಡ್ಜ್ ಕಾಯ್ತಿರ್ತಾರೆ. ಒಂದೇ ಒಂದು ಮಾತು.”

“ಹೆಣ ಮನೇಲಿರುವಾಗ ಹೆತ್ತೋಳು ಹೊಸಿಲು ದಾಟೋ ಹಾಗಿಲ್ಲ. ನಿಮಗೆ ಗೊತ್ತಲ್ಲ.”

“ಮನೆ ಹೋಗುತ್ತೆ.”

“ಗೊತ್ತು.”

“ಅಮ್ಮಾ,” ಎಂದು ಫ್ರ್ಯಾನೋ ಎದ್ದು ಕೂತ. “ಹೋಗಿ ಹೇಳ್ಬಿಡಮ್ಮ. ನಾನು ಎಲ್ಲಾದ್ರೂ ಇರ್ತೀನಿ. ಸೇತುವೆ ಕೆಳಗೆ ಜಾಗ ಇದೆ, ನಮ್ಮೋರೇ ಇದಾರೆ ಅಲ್ಲಿ.”

“ನೋಯೆಲ್‌ನೂ ಅಲ್ಲೇ ಇದ್ದ. ಮಲಗೋ.”

ಅವನು ಮಲಗಿದ.

ಟೂಹಿ ಟೋಪಿಯನ್ನು ಕೈಯಲ್ಲೇ ಹಿಡಿದು ಕೆಳಗಿಳಿದ. ಟೋಪಿ ತಲೆಗೇರಿದ್ದು ಕಾರಿನ ಬಾಗಿಲು ಮುಚ್ಚಿದ ಮೇಲೆ.

ಮಂಗಳವಾರ ಬೆಳಿಗ್ಗೆ, ಹೆಣ ಔಷಧಿ ಕುಡಿದು ಬಂದು ಮಲಗಿದ ಮೇಲೆ, ಕಚೇರಿಯ ಲಾರಿ ಬಂತು. ಸಾಮಾನು ಹೊರಗೆ ಹಾಕಿ, ಬಾಗಿಲು ಕಿಟಕಿಗಳಿಗೆ ಹಲಗೆ ಬಡಿದು ಹೋಗಲು ಆರು ಜನ ಕೂಲಿಯವರು. ಟೂಹಿ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ, “ಮೂರನೇ ಮಹಡಿ. ಬೇಗ ಮುಗಿಸ್ರೋ,” ಎಂದ.

ಕೂಲಿಯವರು ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಏರಿದರು. ಒಂದನೇ ಮಹಡಿಯಲ್ಲಿ ಜಪದ ದನಿ ಕೇಳಿಸಿತು. ಎರಡನೇ ಮಹಡಿಯಲ್ಲಿ ಹೆಂಗಸರು ಎದ್ದು ದಾರಿ ಬಿಟ್ಟರು. ಮೂರನೆಯದರಲ್ಲಿ ಬ್ರೈಡಿ ನಿಂತಿದ್ದಳು.

“ಬನ್ರಪ್ಪಾ. ಕಷ್ಟಕ್ಕೆ ಆದ್ರಿ.”

ಮೇಸ್ತ್ರಿ ಕಪ್ಪು ಪಟ್ಟಿಯನ್ನು ನೋಡಿದ, ಒಳಗಿನ ಮಂಚವನ್ನು ನೋಡಿದ. “ಸತ್ತೋರಿದಾರೆ ಅಂತ ನಮಗ್ಯಾರೂ ಹೇಳ್ಲಿಲ್ಲವಲ್ಲ ಅಜ್ಜಿ.”

“ಸತ್ತ ಅಂತ ನಿಮ್ಮ ಸಾಹೇಬ್ರೇ ಹೇಳಿದ್ದು. ಬೇಕಾದ್ರೆ ಕೇಳಿ.”

ಮಂಚದ ಮೇಲಿನ ಎದೆ ಏರಿಳಿಯುತ್ತಿದ್ದುದು ಮೇಸ್ತ್ರಿಗೆ ಕಂಡಿತೇ ಇಲ್ಲವೇ ಎಂಬ ಬಗ್ಗೆ ಹೇಳಿಕೆಗಳು ಬೇರೆಬೇರೆಯಾಗಿವೆ. ಅವನ ತಂಗಿಯನ್ನೂ ಅದೇ ಪುಡಿ ತಿಂದಿತ್ತು ಎಂದು ಮಾತ್ರ ಎಲ್ಲರೂ ಹೇಳುತ್ತಾರೆ. ಅವನು ಹಲಗೆಯನ್ನು ಗೋಡೆಗೆ ಒರಗಿಸಿ ಟೋಪಿ ತೆಗೆದ. ಹಿಂದಿನ ಐವರೂ ತೆಗೆದರು. ಸಾಲಿನಲ್ಲಿ ಕೈ ಕುಲುಕುತ್ತಾ ಒಳಗೆ ಹೋದರು.

ಒಳಗೆ ಕೂರಲು ಜಾಗವಿರಲಿಲ್ಲ. ಮೇಸ್ತ್ರಿ ಒಂದು ಗಳಿಗೆ ಸುತ್ತ ನೋಡಿ ಹೊರಬಂದ. ಬಿಯರಿನ ಖಾಲಿ ಪೆಟ್ಟಿಗೆಗಳನ್ನು ಬಾಲ್ಕನಿಯ ಉದ್ದಕ್ಕೂ ಇಟ್ಟು, ಅವುಗಳ ಮೇಲೆ ತಾವು ತಂದ ಹಲಗೆಗಳನ್ನು ಹಾಸಿದ. ಜನ ಕೂತರು. ಮುದುಕರು ಕೂತರು, ಕಂಕುಳಲ್ಲಿ ಕೂಸು ಹೊತ್ತವರು ಕೂತರು, ಕೊನೆಗೆ ಕೂಲಿಯವರೂ ತಟ್ಟೆ ಹಿಡಿದು ಕೂತರು.

ಕೆಳಗೆ ಕಾರಿನ ಹಾರನ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಕನ್ಸೆಪ್ಟಾ ಚಹಾದ ಕೆಟಲ್ ಹಿಡಿದುಕೊಂಡೇ ಬಂದು ಬಾಲ್ಕನಿಯಿಂದ ಬಗ್ಗಿದಳು.

“ಸಾಹೇಬ್ರೇ! ಲಾರೀಲಿ ಇನ್ನೂ ಹಲಗೆ ಇದ್ರೆ ಕಳಿಸಿ! ಇಲ್ಲಿ ಜನ ನಿಂತೇ ಇದಾರೆ!”