ಬೀಗದಕೈಗೆ ಹತ್ತು ದಿನ ರಜೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಬೀಗದಕೈ ಅನ್ನುತ್ತಿದ್ದರು. ಅದು ಔಷಧಿ ಸಾಗಿಸುವ ಕಂಪನಿ. ಯಾವ ಅಂಗಡಿಗೆ ಯಾವ ಔಷಧಿ ಹೋಗಬೇಕೆಂಬ ಪಟ್ಟಿಯನ್ನು ದಿನಾ ಬೆಳಿಗ್ಗೆ ಆರಕ್ಕೆ ಗೋದಾಮುಗಳಿಗೆ ಕಳಿಸುವ ಪ್ರೋಗ್ರಾಂ ಒಂದಿತ್ತು. ಮುದಿ ಎತ್ತಿನಂಥದ್ದು, ಬಾಲ ತಿರುಚಿದರೆ ಮಾತ್ರ ಏಳುತ್ತಿತ್ತು. ಎಲ್ಲಿ ತಿರುಚಬೇಕೆಂಬುದು ಹನ್ನೊಂದು ವರ್ಷದಿಂದ ಅವನೊಬ್ಬನಿಗೇ ಗೊತ್ತು. ಆ ಗುಟ್ಟಿನ ಮೇಲೆ ಕೂತೇ ಸಂಬಳ ತಿಂದ, ತಲೆ ನರೆಸಿಕೊಂಡ, ಕಿರಿಯರನ್ನು ಹೀಯಾಳಿಸಿದ.

ಈ ವರ್ಷ ಹೊಸ ಮ್ಯಾನೇಜರ್ ಬಂದಳು. ವಯಸ್ಸಿನಲ್ಲಿ ಇವನಿಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಎಲ್ಲರಿಗೂ ಮೇಡಂ. ಬಂದವಳೇ ಒಂದು ನಿಯಮ ತಂದಳು. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಹತ್ತು ದಿನ ರಜೆ ಹೋಗಲೇಬೇಕು. ಹೋಗುವ ಮುಂಚೆ ತಮ್ಮ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆ ಹತ್ತು ದಿನದಲ್ಲಿ ಅವರನ್ನು ಎಷ್ಟು ಸಲ ಕೇಳಬೇಕಾಯಿತು ಅಂತ ಮೇಡಂ ಗುರುತು ಹಾಕಿಕೊಳ್ಳುತ್ತಾಳೆ. ಕೇಳಿದರೆ ಉಪಕಾರದ ಹಾಗೆ ಇತ್ತು. ಮೊದಲು ಹೋದವನು ಎದುರು ಮೇಜಿನ ಡುಮ್ಮ. ಅವನನ್ನು ಯಾರೂ ಏನೂ ಕೇಳಲಿಲ್ಲ. ವಾಪಸು ಬಂದಾಗ ಅವನ ಲೋಟ, ಚಾರ್ಜರು, ಮಗಳ ಫೋಟೋ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲ ಹತ್ತಿರ ಕಾಯುತ್ತಿದ್ದವು.

ಎರಡನೆಯ ಸರದಿ ಬೀಗದಕೈಯದು. ಸೊನ್ನೆ ಬಂದರೆ ಕುರ್ಚಿ ಹೋಯಿತು ಅಂತ ಅವನಿಗೆ ಗೊತ್ತಿತ್ತು. ನಲವತ್ತಾರನೇ ವಯಸ್ಸಿಗೆ ಇನ್ನೊಂದು ಕುರ್ಚಿ ಕೊಡುವವರು ಯಾರು?

ನಲವತ್ತು ಪುಟ ನೀಟಾಗಿ ಬರೆದ. ಒಂದು ಸಾಲು ಬಿಟ್ಟ. ತಿಂಗಳ ಮೊದಲ ದಿನ ಹಿಂದಿನ ತಿಂಗಳ ಪಟ್ಟಿಗಳನ್ನು ಬೇರೆ ಫೋಲ್ಡರಿಗೆ ಸರಿಸಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಕಲ್ಲಾಗಿ ಕೂರುತ್ತದೆ. ಆ ಸಾಲನ್ನು ಬಿಟ್ಟ. ಒಂದನೆಯ ತಾರೀಖು ನಡುವೆ ಬರುವ ಹಾಗೆ ರಜೆ ಹಾಕಿದ. ಬುದ್ಧಿವಂತನ ಬುದ್ಧಿ ಕೊಳೆತರೆ ದಡ್ಡನದಕ್ಕಿಂತ ಹೆಚ್ಚು ನಾರುತ್ತದೆ. ಅವನ ಜಾಗದಲ್ಲಿ ಕೂರಬೇಕಾದವಳು ಕೆಲಸಕ್ಕೆ ಸೇರಿ ಐದು ತಿಂಗಳಾದ ಹುಡುಗಿ, ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಬೆಳಿಗ್ಗೆ ಆರಕ್ಕೆ ಅವಳು ಅಳುತ್ತಾ ಫೋನ್ ಮಾಡುತ್ತಾಳೆ, ತಾನು ಎರಡು ನಿಮಿಷ ಸತಾಯಿಸಿ ಉತ್ತರ ಹೇಳುತ್ತೇನೆ, ಮೇಡಂ ಗುರುತು ಹಾಕಿಕೊಳ್ಳುತ್ತಾಳೆ. ಇದು ಅವನ ಯೋಜನೆ.

ಅವನಿಗೆ ಗಾಳ ಹಾಕುವ ಹುಚ್ಚು. ರಜೆ ಅಂದಕೂಡಲೇ ಹೆಂಡತಿ ಅವನನ್ನು ಕೇಳದೆ ಸರೋವರದ ಊರಿಗೆ ಬಸ್ಸಿನ ಟಿಕೆಟ್ ಮಾಡಿಸಿಬಿಟ್ಟಳು. ಒಂದನೆಯ ತಾರೀಖು, ಬೆಳಗಿನ ಐದರ ಬಸ್ಸು. ಜೊತೆಗೆ ಅವಳ ತಮ್ಮ. ಐದೂವರೆಗೆ ಬೆಟ್ಟದ ದಾರಿಯಲ್ಲಿ ಬಸ್ಸು ಕರ್‍ರ್ ಅಂದು ನಿಂತಿತು. ಡ್ರೈವರ್ ಕೆಳಗೆ ತೂರಿ, ಕೈ ಕಪ್ಪು ಮಾಡಿಕೊಂಡು ಎದ್ದ.

"ಎರಡು ಗಂಟೆ ಆಗುತ್ತೆ. ಯಾರೂ ನನ್ನ ತಲೆ ತಿನ್ಬೇಡಿ."

ಬೀಗದಕೈ ಫೋನ್ ನೋಡಿದ. ಸಿಗ್ನಲ್ ಇಲ್ಲ. ರಸ್ತೆಯ ಆ ತುದಿಯಿಂದ ಈ ತುದಿಗೆ ಓಡಾಡಿದ. ಆರಾಯಿತು, ಆರೂವರೆಯಾಯಿತು. ಕಡೆಗೆ ಗಾಳದ ಕೋಲನ್ನು ಉದ್ದಕ್ಕೆ ಬಿಚ್ಚಿ, ತುದಿಗೆ ಫೋನ್ ಕಟ್ಟಿ, ಬಂಡೆ ಹತ್ತಿ ಆಕಾಶಕ್ಕೆ ಎತ್ತಿ ಹಿಡಿದ.

"ಅಕ್ಕಾ, ನೋಡೇ! ಭಾವ ಮೀನು ಬಿಟ್ಟು ಸಿಗ್ನಲ್‌ಗೆ ಗಾಳ ಹಾಕ್ತಿದ್ದಾರೆ!"

"ಮುಚ್ಚೋ ಬಾಯಿ!" ಅಂದ ಭಾವ.

"ರೀ, ಇಳೀರಿ, ಬಿದ್ದು ಸೊಂಟ ಮುರ್ಕೋತೀರ," ಅಂದಳು ಹೆಂಡತಿ. "ಒಂದಿನ ಆದ್ರೂ ಆ ಆಫೀಸು ಸತ್ತುಹೋಗ್ಲಿ ಬಿಡಿ."

ಫೋನ್ ಟಣಟಣ ಅಂದಿತು. ಕೋಲು ಇಳಿಸಿ ನೋಡಿದ. ಹುಡುಗಿಯ ಆರು ಮಿಸ್ಡ್ ಕಾಲ್. ಅವನ ಮುಖ ಅರಳಿತು. ಅದರ ಕೆಳಗೆ ಒಂದು ಮೆಸೇಜ್:

"ಸಾರ್, ಗಾಬರಿ ಆಗ್ಬೇಡಿ, ಸರಿಹೋಯ್ತು. ಹೋದ ತಿಂಗಳ ಫೋಲ್ಡರ್‌ಗಳನ್ನ ಹೋಲಿಸಿ ನೋಡಿ ಕಂಡುಹಿಡಿದೆ. ಪುಸ್ತಕದಲ್ಲಿ ಆ ಸಾಲು ಬಿಟ್ಟುಹೋಗಿತ್ತು, ನಾನೇ ಸೇರಿಸಿದ್ದೀನಿ. ಮೊದಲಿಂದ್ಲೂ ಇತ್ತು ಅಂತಲೇ ಮೇಡಂಗೆ ಹೇಳಿದೆ. ನೀವು ಆರಾಮಾಗಿ ರಜೆ ಮಾಡಿ."

ಒಳ್ಳೆಯತನದಿಂದಲೂ ಕತ್ತು ಕೊಯ್ಯಬಹುದು. ಪಾಪ, ಹುಡುಗಿಗೆ ಸೊನ್ನೆಯ ಅರ್ಥ ಗೊತ್ತಿರಲಿಲ್ಲ. ಬೀಗದಕೈಗೆ ಗೊತ್ತಿತ್ತು. ಮೇಡಂ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಕೋಲು ಮೇಲೆತ್ತಿದ. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಫೋನ್ ಅಷ್ಟೆತ್ತರದಲ್ಲಿ, ಇವನು ಕೆಳಗೆ. ಕಿರುಚಲೇಬೇಕು. ರಸ್ತೆ ಬದಿಯಲ್ಲಿ ಕೂತಿದ್ದ ಬಸ್ಸಿನವರೆಲ್ಲ ತಲೆಯೆತ್ತಿ ಕೇಳಿದರು.

"ಮೇಡಂ! ಬೆಳಿಗ್ಗೆ ನನಗೆ ಆರು ಸಲ ಫೋನ್ ಬಂದಿದೆ! ಗುರುತು ಹಾಕ್ಕೊಳ್ಳಿ!"

"ಅಯ್ಯೋ, ಯಾಕೆ? ಎಲ್ಲಾ ನಿಮ್ಮ ಪುಸ್ತಕದಲ್ಲೇ ಇತ್ತಂತಲ್ಲ. ಇವತ್ತು ನಾನೂ ಬೇಗ ಬಂದೆ, ಹುಡುಗಿ ಇಲ್ಲೇ ನನ್ನ ಮುಂದೆ ಕೂತಿದ್ದಾಳೆ."

"ಸುಳ್ಳು ಹೇಳಿದ್ದಾಳೆ! ಆ ಸಾಲು ಪುಸ್ತಕದಲ್ಲಿ ಇರಲೇ ಇಲ್ಲ! ನಾನಿಲ್ಲದೆ ನಿಂತುಹೋಗಿತ್ತು!"

ಮೇಲಿಂದ ಹುಡುಗಿಯ ಸಣ್ಣ ದನಿ ಬಂತು.

"ಸಾರ್, ನೀವು ಮರೆತಿರೇನೋ ಅಂದ್ಕೊಂಡೆ. ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಹಾಗಂದೆ."

ಅವನು ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

"ಕೇಳಿದ್ರಾ ಮೇಡಂ? ಒಪ್ಕೊಂಡ್ಳು! ಅವಳ ಬಾಯಲ್ಲೇ ಬಂತು!"

"ಕೇಳಿದೆ," ಅಂದಳು ಮೇಡಂ. "ನಲವತ್ತು ಪುಟದಲ್ಲಿ ಇಲ್ಲದಿರೋ ಒಂದು ಸಾಲು ಯಾವುದು ಅಂತ ಅಷ್ಟು ದೂರದಲ್ಲಿ ನಿಂತು ನೆನಪಿದೆ ನಿಮಗೆ. ಬರೆಯೋವಾಗ ನೆನಪಾಗ್ಲಿಲ್ವಾ?"

ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದ. ಮೇಡಂ ಮುಂದುವರಿಸಿದಳು.

"ಪ್ರೊಬೇಷನ್ನಿನಲ್ಲೇ ಸುಳ್ಳು ಹೇಳೋರು ನನಗೆ ಬೇಡ. ಬೇಕಂತ ಬಚ್ಚಿಡೋರಂತೂ ಬೇಡವೇ ಬೇಡ."

"ಇಬ್ಬರನ್ನೂ ತೆಗೆದ್ರೆ ನಾಳೆ ಬೆಳಿಗ್ಗೆ ಪಟ್ಟಿ ಕಳಿಸೋರು ಯಾರು ಮೇಡಂ?"

"ಈಗ ಆ ಸಾಲು ಪುಸ್ತಕದಲ್ಲಿದೆ. ಓದೋಕೆ ಬರೋರು ಯಾರಾದರೂ ಸಾಕು."

ಲೈನು ಕಟ್ ಆಯಿತು. ಕಟ್ ಆಗುವ ಮುಂಚೆ ಹುಡುಗಿ ಏನೋ ಹೇಳಲು ಹೋಗಿ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು.

ಅವನು ಕೋಲು ಮಡಚಿಕೊಂಡು ಬಂಡೆಯಿಂದ ಇಳಿದ. ಭಾವಮೈದುನ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಹೆಂಡತಿ ತಿನ್ನಲು ಬಿಚ್ಚಿದ್ದ ಬ್ರೆಡ್ಡಿನ ಪೊಟ್ಟಣವನ್ನು ಮತ್ತೆ ಕಟ್ಟಿ ಬ್ಯಾಗಿನೊಳಗಿಟ್ಟಳು.

"ಆ ಹುಡುಗಿಗೆ ಎಷ್ಟು ವಯಸ್ಸು?"

"ಇಪ್ಪತ್ತಮೂರು. ಅದ್ಯಾಕೆ ಈಗ? ನನ್ನ ಕೆಲಸ ಹೋಯ್ತಲ್ಲೇ!"

ಅವಳು ಎದ್ದು ಹೋಗಿ ಬಸ್ಸಿನಲ್ಲಿ ಕೂತಳು. ಡ್ರೈವರ್ ಹಾರ್ನ್ ಹೊಡೆದಾಗ ಅವನೂ ಹತ್ತಿದ. ಪಕ್ಕದ ಸೀಟಿನ ಮೇಲೆ ಅವಳು ದೊಡ್ಡ ಬ್ಯಾಗು ಇಟ್ಟುಕೊಂಡಿದ್ದಳು. ಅವನು ಬಂದು ನಿಂತದ್ದನ್ನು ನೋಡಿದಳು, ತೆಗೆಯಲಿಲ್ಲ. ಬಸ್ಸು ಹೊರಟಿತು. ಅವನು ಕಂಬಿ ಹಿಡಿದುಕೊಂಡು ನಿಂತೇ ಹೋದ.